ಗಾಡಿಯೊಳಗಿನ ರೇಡಿಯೊಗಳಿಗೆ ಕಾಗದಪತ್ರ ಇದೆಯೇ?

ಶಿರಾ ದಾಟಿ ಹಿರಿಯೂರಿನ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ತಾವರೆಕೆರೆ ಸಿಗುತ್ತದೆ. ಬೆಂಗಳೂರು–ಪುಣೆ ನಡುವೆ ಓಡುವ ಲಾರಿ, ಬಸ್ಸು, ಕಾರುಗಳಿಗೆ ಹಗಲೂ ಬಿಡುವಿಲ್ಲ, ರಾತ್ರಿಯೂ ಬಿಡುವಿಲ್ಲ. ಚಹಾಕ್ಕೆಂದು ನಿಲ್ಲಿಸಿದ ಚಾಲಕರನ್ನು ‘ನಿಮ್ಮ ಗಾಡಿಯಲ್ಲಿ ಎಷ್ಟು ರೇಡಿಯೊ ಇದೆ’ ಎಂದು ಕೇಳಿ ನೋಡಿ. ‘ಒಂದೇ, ಹಾಡು ಕೇಳೋದಕ್ಕೆ’ ಅನ್ನುತ್ತಾರೆ. ಅದು ಕೇಳುವ ರೇಡಿಯೊ. ಮಾತಾಡುವ ರೇಡಿಯೊಗಳು, ಅಂದರೆ ಗಾಳಿಗೆ ಅಲೆ ಬಿಡುವ ಪ್ರೇಷಕಗಳು, ಬೇರೆಯೇ ಇವೆ. ಕಾರಿನ ರಿಮೋಟ್ ಕೀಲಿ ಒಂದು. ಮೊಬೈಲಿಗೆ ಜೋಡಿಯಾಗುವ ಬ್ಲೂಟೂತ್ ಇನ್ನೊಂದು. ಟಯರಿನ ಗಾಳಿ ಅಳೆಯುವ ಸೆನ್ಸರು ಚಕ್ರಕ್ಕೊಂದರಂತೆ ನಾಲ್ಕು. ಹಳದಿ ಬೋರ್ಡಿನ ಗಾಡಿಯಾದರೆ ಟ್ರ್ಯಾಕರ್. ಹೊಸ ದುಬಾರಿ ಕಾರಾದರೆ ಮುಂಭಾಗದ ಜಾಲರಿಯ ಹಿಂದೆ ಒಂದು ರಾಡಾರ್. ಎಣಿಸುತ್ತಾ ಹೋದರೆ ಎರಡು ಕೈ ಬೆರಳು ಸಾಲದು.

ಇವೆಲ್ಲಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಕಂಪನಿಯಿಂದಲೇ ಗಾಡಿಯ ಜೊತೆ ಬಂದವುಗಳ ಕಾಗದಪತ್ರವನ್ನು ಕಂಪನಿಯೇ ಮಾಡಿಸಿರುತ್ತದೆ. ಮಾಲೀಕನಿಗೆ ಆ ಚಿಂತೆ ಇಲ್ಲ. ತೊಂದರೆ ಶುರುವಾಗುವುದು ಆಮೇಲೆ ನಾವು ತಂದು ಸಿಕ್ಕಿಸುವ ಡಬ್ಬಿಗಳಿಂದ: ಆನ್‌ಲೈನಿನಲ್ಲಿ ತರಿಸಿದ ರಿಮೋಟು, ಅಗ್ಗದ ವಾಕಿಟಾಕಿ, ಹೆಸರಿಲ್ಲದ ಟ್ರ್ಯಾಕರು. ಈ ಲೇಖನ ಮುಖ್ಯವಾಗಿ ಅವುಗಳ ಬಗ್ಗೆ.

ವಯಸ್ಸಾದವರಿಗೆ ಅಂಚೆ ಕಚೇರಿಯ ರೇಡಿಯೊ ಲೈಸೆನ್ಸ್ ಪುಸ್ತಕ ನೆನಪಿರಬಹುದು. 1980ರ ದಶಕದವರೆಗೂ ಮನೆಯಲ್ಲಿ ರೇಡಿಯೊ ಇಟ್ಟುಕೊಂಡು ಸುಮ್ಮನೆ ಕೇಳುವುದಕ್ಕೂ ವರ್ಷವರ್ಷ ದುಡ್ಡು ಕಟ್ಟಬೇಕಿತ್ತು. ಅದು ಹೋಯಿತು. ಆದರೆ ಅಲೆ ಬಿಡುವ ಯಂತ್ರಗಳ ಮೇಲಿನ ಹಿಡಿತ ಹೋಗಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ, ಎರಡೂ ಬ್ರಿಟಿಷರ ಕಾಲದವು, ಬಹುಕಾಲ ಇದನ್ನು ಆಳಿದವು. ಇವುಗಳ ಜಾಗಕ್ಕೆಂದು 2023ರಲ್ಲಿ ದೂರಸಂಪರ್ಕ ಕಾಯ್ದೆ ಬಂತು. ಅದು 2024ರ ಜೂನ್‌ನಿಂದ ಹಂತ ಹಂತವಾಗಿ ಜಾರಿಯಾಗುತ್ತಿದೆ. ಯಾವ ಅಲೆ ಯಾರಿಗೆ ಎಂದು ಹಂಚುವ ಕೆಲಸ ದೂರಸಂಪರ್ಕ ಇಲಾಖೆಯೊಳಗಿನ ಡಬ್ಲ್ಯುಪಿಸಿ ವಿಭಾಗದ್ದು, 1952ರಿಂದಲೂ. ಇದು ಕೇಂದ್ರದ ವಿಷಯ. ಹಾಗಾಗಿ ಮೂರು ಕಡೆ ಆಂಧ್ರ ಸುತ್ತುವರಿದಿರುವ ಪಾವಗಡದಲ್ಲಿ ಗಡಿ ಎಷ್ಟು ಸಲ ದಾಟಿದರೂ ರೇಡಿಯೊ ನಿಯಮ ಬದಲಾಗುವುದಿಲ್ಲ.

ಮೊದಲು ತಿಳಿಯಬೇಕಾದ್ದು ಎರಡು ಬೇರೆ ಬೇರೆ ಕಾಗದಗಳ ವಿಚಾರ. ಅಂಗಡಿಯವರು ಜನರನ್ನು ದಾರಿ ತಪ್ಪಿಸುವುದು ಇಲ್ಲಿಯೇ.

ಮೊದಲನೆಯದು ಲೈಸೆನ್ಸು. ಒಂದು ಅಲೆಯನ್ನು ಬಳಸಲು ಬಳಸುವವನು ಪಡೆಯಬೇಕಾದ ಪರವಾನಗಿ ಅದು. ಪೊಲೀಸ್ ವೈರ್‌ಲೆಸ್ಸಿಗೆ ಬೇಕು, ದೊಡ್ಡ ಕಾರ್ಖಾನೆಯ ವಾಕಿಟಾಕಿಗೆ ಬೇಕು. ಆದರೆ ಕಾರಿನ ಕೀಲಿ ಇಟ್ಟುಕೊಂಡ ಪ್ರತಿಯೊಬ್ಬನೂ ದೆಹಲಿಗೆ ಅರ್ಜಿ ಹಾಕುವಂತಿದ್ದರೆ ದೇಶ ನಡೆಯುವುದಿಲ್ಲ. ಆದ್ದರಿಂದ ಸರ್ಕಾರ ಕೆಲವು ಅಲೆಪಟ್ಟಿಗಳನ್ನು ಲೈಸೆನ್ಸಿನಿಂದ ಹೊರಗಿಟ್ಟಿದೆ. ಬ್ಲೂಟೂತ್, ವೈಫೈ ಓಡುವ 2.4 ಗಿಗಾಹರ್ಟ್ಸ್ ಪಟ್ಟಿಗೆ 2005ರಲ್ಲಿ ವಿನಾಯಿತಿ ಸಿಕ್ಕಿತು. ಟೋಲ್‌ಗೇಟಿನ ಓದುಗಗಳು ಬಳಸುವ 865–867 ಮೆಗಾಹರ್ಟ್ಸಿಗೂ ಅದೇ ವರ್ಷ. ಕೀಲಿ, ಟಯರ್ ಸೆನ್ಸರುಗಳ 433 ಮೆಗಾಹರ್ಟ್ಸ್ ಆಮೇಲೆ ಬಂತು. ಗಾಡಿ ರಾಡಾರಿನ 76–77 ಗಿಗಾಹರ್ಟ್ಸಿಗೆ 2015ರಲ್ಲಿ ಸಿಕ್ಕಿತು. ಕಡಿಮೆ ಮತ್ತು ಅತಿ ಕಡಿಮೆ ಶಕ್ತಿಯ ಸಾಧನಗಳಿಗೆಂದೇ 2018ರ ಅಕ್ಟೋಬರಿನಲ್ಲಿ ಒಂದು ದೊಡ್ಡ ನಿಯಮಾವಳಿ ಹೊರಟಿತು.

ಎರಡನೆಯದು ಇಟಿಎ, ಉಪಕರಣದ ಮಾದರಿಗೆ ಸಿಗುವ ಒಪ್ಪಿಗೆ. ಇದು ಬಳಸುವವನಿಗಲ್ಲ, ವಸ್ತುವಿಗೆ. ‘ಈ ಮಾದರಿ ಇಷ್ಟೇ ಶಕ್ತಿಯಲ್ಲಿ, ಇದೇ ಪಟ್ಟಿಯೊಳಗೆ ಕೆಲಸ ಮಾಡುತ್ತದೆ, ಪಕ್ಕದ ಅಲೆಗೆ ಉಪದ್ರವ ಕೊಡುವುದಿಲ್ಲ’ ಎಂಬುದಕ್ಕೆ ತಯಾರಕನೋ ಆಮದುದಾರನೋ ಪ್ರಯೋಗಾಲಯದ ವರದಿ ಇಟ್ಟು ಪಡೆಯುವ ಸರ್ಟಿಫಿಕೇಟು.

ವಿನಾಯಿತಿ ಸಿಕ್ಕಿರುವುದು ಮೊದಲನೆಯದರಿಂದ ಮಾತ್ರ. ಎರಡನೆಯದರಿಂದ ಯಾರಿಗೂ ಇಲ್ಲ. ‘ಇದು ಲೈಸೆನ್ಸ್ ಫ್ರೀ ಸಾರ್, ಏನೂ ಬೇಡ’ ಎಂದು ಮಾರುವವನು ಅರ್ಧ ನಿಜ ಹೇಳುತ್ತಿದ್ದಾನೆ. ಅರ್ಧ ನಿಜದ ಮೇಲೆ ವ್ಯಾಪಾರ ಬಹಳ ಚೆನ್ನಾಗಿ ನಡೆಯುತ್ತದೆ.

ಪರೀಕ್ಷೆ ಮಾಡಲು ಕೈಯಲ್ಲಿರುವ ಕಾರಿನ ಕೀಲಿಯಿಂದಲೇ ಶುರು ಮಾಡಿ. ಬೆಳಕಿಗೆ ಹಿಡಿದು ಹಿಂಭಾಗ ನೋಡಿದರೆ, ಕೆಲವದರಲ್ಲಿ ಬ್ಯಾಟರಿ ಮುಚ್ಚಳ ತೆಗೆದ ಮೇಲೆ, ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ ಬಗೆಬಗೆಯ ಸಂಕೇತಗಳು ಕಾಣುತ್ತವೆ. ಎಫ್‌ಸಿಸಿ ಎಂದಿದ್ದರೆ ಅಮೆರಿಕದ್ದು, ಸಿಇ ಎಂದಿದ್ದರೆ ಯುರೋಪಿನದ್ದು, ಅನಾಟೆಲ್ ಎಂದಿದ್ದರೆ ಬ್ರೆಜಿಲಿನದ್ದು. ಒಂದೇ ಕೀಲಿ ಹತ್ತು ದೇಶಕ್ಕೆ ಹೋಗುವುದರಿಂದ ಎಲ್ಲರ ಮುದ್ರೆಯೂ ಅಲ್ಲೇ. ಭಾರತದ್ದು ಬಹಳ ಸಲ ಕೀಲಿಯ ಮೇಲೆ ಇರುವುದಿಲ್ಲ. ಗಾಡಿಯ ಜೊತೆ ಕೊಟ್ಟ ದಪ್ಪ ಕೈಪಿಡಿಯ ಕೊನೆಯ ಪುಟಗಳಲ್ಲಿ, ಯಾರೂ ಓದದ ಜಾಗದಲ್ಲಿ, ಇಟಿಎ ಎಂದು ಶುರುವಾಗುವ ಸಂಖ್ಯೆ ಸಾಮಾನ್ಯವಾಗಿ ಸಿಗುತ್ತದೆ. ಹಳೆಯ ಸಂಖ್ಯೆಗಳಲ್ಲಿ ವರ್ಷವೂ ಕಚೇರಿಯ ಹೆಸರಿನ ಸಂಕ್ಷೇಪವೂ ಸೇರಿರುತ್ತವೆ. 2019ರ ನಂತರ ಕಡಿಮೆ ಶಕ್ತಿಯ ಸಾಧನಗಳಿಗೆ ಸ್ವಯಂ ಘೋಷಣೆಯ ಪದ್ಧತಿ ಬಂದ ಮೇಲೆ ‘ಇಟಿಎ-ಎಸ್‌ಡಿ’ ಎಂದು ಶುರುವಾಗಿ, ಮುಂದೆ ವರ್ಷ ಸೇರಿದ ಉದ್ದನೆಯ ಅಂಕಿ ಬರುತ್ತದೆ.

ಸಂಖ್ಯೆ ಇದೆ ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಇಟಿಎ ಕೊಡುವುದು ಮಾದರಿಗೆ, ಕಂಪನಿಗಲ್ಲ. ಒಂದು ಕಂಪನಿಯ ಒಂದು ಮಾದರಿಗೆ ಸಿಕ್ಕಿದ ಸಂಖ್ಯೆಯನ್ನು ಅದೇ ಕಂಪನಿಯ ಇನ್ನೊಂದು ಮಾದರಿಯ ಡಬ್ಬಿಯ ಮೇಲೆ ಅಂಟಿಸಿದರೆ ಅದಕ್ಕೆ ಬೆಲೆ ಇಲ್ಲ. ಸರ್ಟಿಫಿಕೇಟಿನ ಪ್ರತಿ ಕೇಳಿ. ಅದರ ಮಾದರಿ ಸಂಖ್ಯೆಯನ್ನು ವಸ್ತುವಿನ ಮೇಲಿನ ಸಂಖ್ಯೆಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ಕೊನೆಯ ಒಂದು ಅಕ್ಷರ ಬೇರೆಯಾದರೂ ಪ್ರಶ್ನೆ ಕೇಳುವುದು ನಿಮ್ಮ ಹಕ್ಕು. ಪ್ರತಿಯಲ್ಲಿ ಅಲೆಪಟ್ಟಿಯೂ ಇರುತ್ತದೆ, ಅದನ್ನೂ ನೋಡಿ. ಕೆಲವೊಮ್ಮೆ ಸರ್ಟಿಫಿಕೇಟು ಇಡೀ ಸಾಧನದ ಹೆಸರಿನಲ್ಲಿರದೆ ಒಳಗೆ ಕೂರಿಸಿದ ರೇಡಿಯೊ ಮಾಡ್ಯೂಲಿನ ಹೆಸರಿನಲ್ಲಿರುತ್ತದೆ. ಆಗ ಆ ಮಾಡ್ಯೂಲೇ ಇದರೊಳಗೆ ಇದೆ ಎಂದು ಮಾರುವವನು ಬರೆದುಕೊಡಬೇಕು.

ಡಬ್ಬಿಯ ಮೇಲೆ ಬೇರೆ ಮುದ್ರೆಗಳೂ ಇರುತ್ತವೆ, ಅವನ್ನು ತೋರಿಸಿ ನಂಬಿಸುವವರಿದ್ದಾರೆ. ಬಿಐಎಸ್ ನೋಂದಣಿಯ ‘ಆರ್’ ಸಂಖ್ಯೆ ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು: ಚಾರ್ಜರು, ಪವರ್‌ಬ್ಯಾಂಕು, ಬ್ಲೂಟೂತ್ ಸ್ಪೀಕರಿಗೆ ಬೇಕೇ ಬೇಕು, ಆದರೆ ರೇಡಿಯೊ ಅಲೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ರೋಹ್ಸ್ ಎಂಬುದು ಸೀಸ, ಪಾದರಸದಂಥ ವಿಷವಸ್ತುಗಳ ಲೆಕ್ಕ. ಸಿಇ, ಎಫ್‌ಸಿಸಿ ಎಷ್ಟೇ ದೊಡ್ಡದಾಗಿ ಅಚ್ಚಾಗಿದ್ದರೂ ಇಟಿಎಗೆ ಬದಲಿಯಲ್ಲ.

ಬದಲಿಯಲ್ಲ ಎನ್ನುವುದು ಬರೀ ಕಾಗದದ ಹಟವೇ? ಅಲ್ಲ. ದೇಶದೇಶಕ್ಕೆ ಅಲೆಗಳ ಹಂಚಿಕೆಯೇ ಬೇರೆ. ಅಮೆರಿಕ, ಜಪಾನಿನ ಕಾರುಗಳ ಕೀಲಿ ಹೆಚ್ಚಾಗಿ 315 ಮೆಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತದೆ. ಯುರೋಪಿನದು 433.92ರಲ್ಲಿ. ಇಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಎರಡನೆಯದು. ಕೀಲಿ ಕಳೆದುಹೋಯಿತೆಂದು ಅದೇ ಆಕಾರದ, ಅದೇ ಲಾಂಛನದ ಕೀಲಿಯನ್ನು ಎಲ್ಲಿಂದಲೋ ಅರ್ಧ ಬೆಲೆಗೆ ತರಿಸಿ, ಕೊನೆಗೆ ಅದು 315ರದ್ದೆಂದು ಗೊತ್ತಾಗಿ ಮೂಲೆಗೆಸೆಯುವವರು ಬೇಕಾದಷ್ಟು ಜನ. ಅದನ್ನು ಎಷ್ಟು ಪ್ರೋಗ್ರಾಮ್ ಮಾಡಿಸಿದರೂ ಗಾಡಿ ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಳ್ಳುವ ಕಿವಿಯೇ ಬೇರೆ ಅಲೆಗೆ ಟ್ಯೂನ್ ಆಗಿರುತ್ತದೆ. ತರಿಸುವ ಮೊದಲು ಹಳೆಯ ಜೋಡಿ ಕೀಲಿಯ ಹಿಂದೆ ಅಥವಾ ಕೈಪಿಡಿಯಲ್ಲಿ ಮೆಗಾಹರ್ಟ್ಸ್ ನೋಡಿಕೊಂಡರೆ ಸಾಕು.

ಟಯರ್ ಸೆನ್ಸರುಗಳಿಗೂ ಇದೇ ಮಾತು. 2020ರ ಅಕ್ಟೋಬರಿನಿಂದ, 3.5 ಟನ್ ಮೀರದ ಗಾಡಿಗಳಿಗೆ ಕಂಪನಿ ಟಯರ್ ಒತ್ತಡದ ಸೆನ್ಸರು ಮತ್ತು ಪಂಕ್ಚರ್ ಕಿಟ್ ಕೊಟ್ಟರೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ ಎಂದು ನಿಯಮ ಬಂತು. ಅಲ್ಲಿಂದ ಈ ಸೆನ್ಸರುಗಳ ಹೆಸರು ಹೆಚ್ಚು ಕೇಳತೊಡಗಿತು. ಹಳೆಯ ಗಾಡಿಗೂ ಹಾಕೋಣವೆಂದು ವಾಲ್ವ್ ಮುಚ್ಚಳದ ಜಾಗಕ್ಕೆ ತಿರುಗಿಸುವ ಕಿಟ್ಟುಗಳು ಬಂದಿವೆ. ಆರು ಚಕ್ರ, ಹತ್ತು ಚಕ್ರದ ಲಾರಿಗೂ ಸಿಗುತ್ತವೆ. ಇವುಗಳ ಶಕ್ತಿ ಅತ್ಯಲ್ಪ. 433ರ ಪಟ್ಟಿಯಲ್ಲಿ ಬಿಟ್ಟಿರುವ ಮಿತಿಯೇ 10 ಮಿಲಿವ್ಯಾಟ್, ಅಂದರೆ ವ್ಯಾಟಿನ ನೂರರಲ್ಲೊಂದು ಭಾಗ. ಇಷ್ಟು ಸಣ್ಣದಕ್ಕೆ ಇಷ್ಟು ಕಟ್ಟುಪಾಡು ಯಾಕೆ ಎಂದು ಕೇಳಬಹುದು.

ಅದಕ್ಕೆ ಉತ್ತರ ಅಮೆರಿಕದ ಓಹಾಯೊ ರಾಜ್ಯದ ನಾರ್ತ್ ಓಲ್ಮ್‌ಸ್ಟೆಡ್ ಎಂಬ ಊರಿನಲ್ಲಿದೆ. 2019ರಲ್ಲಿ ಅಲ್ಲಿನ ಕೆಲವು ಬೀದಿಗಳಲ್ಲಿ ವಾರಗಟ್ಟಲೆ ಯಾರ ಕಾರಿನ ರಿಮೋಟೂ ಕೆಲಸ ಮಾಡಲಿಲ್ಲ, ಗ್ಯಾರೇಜಿನ ಬಾಗಿಲುಗಳೂ ತೆರೆಯಲಿಲ್ಲ. ಕರೆಂಟ್ ಕಂಪನಿಯವರು ಬಂದು ತಲೆ ಕೆರೆದುಕೊಂಡರು. ಕೊನೆಗೆ ಹುಡುಕಿದಾಗ ಸಿಕ್ಕಿದ್ದು, ಒಂದು ಮನೆಯೊಳಗೆ ಎಲೆಕ್ಟ್ರಾನಿಕ್ಸ್ ಹವ್ಯಾಸದ ನಿವಾಸಿಯೊಬ್ಬರು ತಾವೇ ತಯಾರಿಸಿಟ್ಟಿದ್ದ ಬ್ಯಾಟರಿಯ ಸಣ್ಣ ಸಾಧನ. ಅದು ಬಿಡದೆ 315 ಮೆಗಾಹರ್ಟ್ಸಿನಲ್ಲಿ ಅಲೆ ಬಿಡುತ್ತಿತ್ತು. ದುರುದ್ದೇಶವೇನೂ ಇರಲಿಲ್ಲ. ಒಳ್ಳೆಯ ಕೀಲಿ ಒತ್ತಿದಾಗ ಕ್ಷಣಮಾತ್ರ ಅಲೆ ಬಿಟ್ಟು ಸುಮ್ಮನಾಗುತ್ತದೆ. ಕೆಟ್ಟ ಸಾಧನ ಸುಮ್ಮನಾಗುವುದೇ ಇಲ್ಲ. ಸಂತೆಯಲ್ಲಿ ಒಬ್ಬ ಉಸಿರು ಬಿಡದೆ ಕಿರುಚುತ್ತಿದ್ದರೆ ಪಕ್ಕದವರ ಚೌಕಾಸಿ ನಡೆಯುವುದಿಲ್ಲವಲ್ಲ, ಹಾಗೆ. ಇಟಿಎ ಪರೀಕ್ಷೆ ಹಿಡಿಯುವುದು ಮುಖ್ಯವಾಗಿ ಶಕ್ತಿಯ ಮಿತಿಯನ್ನು ಮತ್ತು ಪಟ್ಟಿಯ ಆಚೆ ಸೋರುವ ಅಲೆಯನ್ನು.

ಇದರಿಂದಲೇ ಇನ್ನೊಂದು ಎಚ್ಚರಿಕೆ ಹುಟ್ಟುತ್ತದೆ. ‘ರೇಂಜ್ ಹೆಚ್ಚಿಸಿಕೊಡುತ್ತೇನೆ’ ಎಂದು ಆಂಟೆನಾ ಬದಲಿಸುವವರ ಕೈಗೆ ಸಾಧನ ಕೊಡಬೇಡಿ. ಒಪ್ಪಿಗೆ ಸಿಕ್ಕಿರುವುದು ಆ ಆಂಟೆನಾ ಸಹಿತ ಹೊರಬೀಳುವ ಶಕ್ತಿಗೆ. ಆಂಟೆನಾ ಬದಲಾದರೆ ಅದು ಬೇರೆಯೇ ಸಾಧನವಾಯಿತು, ಹಳೆಯ ಸರ್ಟಿಫಿಕೇಟು ಅದಕ್ಕೆ ಅನ್ವಯಿಸುವುದಿಲ್ಲ.

ಫಾಸ್ಟ್ಯಾಗ್ ವಿಷಯ ಬೇಗ ಮುಗಿಸಬಹುದು. 2017ರ ಡಿಸೆಂಬರ್ 1ರಿಂದ ಮಾರಾಟವಾದ ಹೊಸ ನಾಲ್ಕುಚಕ್ರದ ಗಾಡಿಗಳಿಗೆ ಇದು ಕಡ್ಡಾಯವಾಯಿತು. 2021ರ ಫೆಬ್ರವರಿ ಮಧ್ಯದಿಂದ ಟೋಲಿನ ಎಲ್ಲ ಸಾಲುಗಳಲ್ಲೂ ಕಡ್ಡಾಯ. ಗಾಜಿಗೆ ಅಂಟಿಸಿದ ಆ ಚೀಟಿಯೊಳಗೆ ಬ್ಯಾಟರಿ ಇಲ್ಲ. ಒಂದು ತೆಳು ಲೋಹದ ಆಂಟೆನಾ, ಮಧ್ಯೆ ಎಳ್ಳಿಗಿಂತ ಚಿಕ್ಕ ಚಿಪ್, ಅಷ್ಟೇ. ಟೋಲಿನ ಛಾವಣಿಯಲ್ಲಿರುವ ಓದುಗ 865–867 ಮೆಗಾಹರ್ಟ್ಸಿನ ಅಲೆ ಬಿಡುತ್ತದೆ. ಚಿಪ್ಪು ಆ ಅಲೆಯ ಶಕ್ತಿಯಿಂದಲೇ ಎಚ್ಚರಗೊಂಡು ತನ್ನ ಸಂಖ್ಯೆಯನ್ನು ಅದೇ ಅಲೆಯ ಮೇಲೆ ಹಿಂದಕ್ಕೆ ಪ್ರತಿಫಲಿಸುತ್ತದೆ. ಅಂದರೆ ಪ್ರೇಷಕ ಇರುವುದು ಗೇಟಿನಲ್ಲಿ, ನಿಮ್ಮ ಗಾಜಿನಲ್ಲಲ್ಲ. ನೀವು ಮಾಡಬೇಕಾದ್ದು ಇಷ್ಟು: ಲೋಹದ ಲೇಪವಿರುವ ಸನ್‌ಫಿಲ್ಮಿನ ಹಿಂದೆ ಅಂಟಿಸಬೇಡಿ, ಹಳೆಯ ಟ್ಯಾಗನ್ನು ಗಾಜಿನ ಮೇಲೆ ಬಿಟ್ಟು ಹೊಸದನ್ನು ಪಕ್ಕದಲ್ಲಿ ಹಾಕಬೇಡಿ, ಕೈಯಲ್ಲಿ ಹಿಡಿದು ತೋರಿಸಬೇಡಿ. ಹಾಗೆ ಸಡಿಲವಾಗಿ ಇಟ್ಟುಕೊಂಡ ಟ್ಯಾಗುಗಳನ್ನು ಕಪ್ಪುಪಟ್ಟಿಗೆ ಸೇರಿಸಲು 2025ರ ಜುಲೈನಲ್ಲಿ ಹೆದ್ದಾರಿ ಪ್ರಾಧಿಕಾರ ಆದೇಶಿಸಿದೆ. ಹಿರಿಯೂರಿನ ಆಚೆ ಗುಯಿಲಾಳು ಟೋಲಿನಲ್ಲಿ ಓದದ ಟ್ಯಾಗಿನಿಂದ ಸಾಲು ನಿಂತಾಗ ಹಿಂದಿನವರ ಹಾರ್ನ್ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈಗ ವಾಕಿಟಾಕಿ. ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ, ಅಪಾಯವೂ ಇಲ್ಲೇ. ಮೂರು ನಾಲ್ಕು ಗಾಡಿ ಒಟ್ಟಿಗೆ ಹೋಗುವ ಬೋರ್‌ವೆಲ್ ತಂಡಕ್ಕೆ, ಕೊಯ್ಲು ಯಂತ್ರದವರಿಗೆ, ಮದುವೆ ದಿಬ್ಬಣಕ್ಕೆ, ಬೈಕಿನಲ್ಲಿ ಮಧುಗಿರಿ ಏಕಶಿಲಾ ಬೆಟ್ಟ ನೋಡಲು ಹೊರಟ ಹುಡುಗರಿಗೆ, ಮೊಬೈಲ್ ಸಿಗ್ನಲ್ ಕೈಕೊಡುವ ಕಡೆ ವಾಕಿಟಾಕಿ ಅನುಕೂಲವೇ. ಆಟಿಕೆಯ ಹೆಸರಿನಲ್ಲೂ ಮಾರುತ್ತಾರೆ. ಲೈಸೆನ್ಸ್ ಇಲ್ಲದೆ ಬಳಸಬಹುದಾದ್ದು, ಮುಂದೆ ಹೇಳುವ ಸಿಬಿ ಪಟ್ಟಿಯನ್ನು ಬಿಟ್ಟರೆ, 446.0ರಿಂದ 446.2 ಮೆಗಾಹರ್ಟ್ಸ್ ನಡುವಿನದು ಮಾತ್ರ, ಅದೂ ಇಟಿಎ ಇದ್ದು ಶಕ್ತಿಯ ಮಿತಿಯೊಳಗಿದ್ದರೆ. ಕೀಲಿಗುಂಡಿ ಒತ್ತಿ ಯಾವ ಅಲೆಗೆ ಬೇಕಾದರೂ ತಿರುಗಿಸಬಹುದಾದ ಸೆಟ್ಟು ಈ ವಿನಾಯಿತಿಗೆ ಸೇರುವುದಿಲ್ಲ. ಅಂಥವು ಹ್ಯಾಮ್ ಹವ್ಯಾಸಿಗಳ ಕೈಯಲ್ಲಿ ಇರಬಹುದು, ಏಕೆಂದರೆ ಅವರು ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರು, ಅವರಿಗೆಂದೇ ಮೀಸಲಾದ ಪಟ್ಟಿಗಳಲ್ಲಿ ಮಾತ್ರ ಮಾತಾಡುವವರು. ನಮ್ಮ ನಿಮ್ಮ ಕೈಯಲ್ಲಿ ಅದೇ ಸೆಟ್ಟು ಇದ್ದರೆ, ಗೊತ್ತಿಲ್ಲದೆ ಪೊಲೀಸರ ಅಥವಾ ಆಂಬುಲೆನ್ಸಿನ ಅಲೆಯ ಮೇಲೆ ಮಾತಾಡಿಬಿಡಬಹುದು. ಗೊತ್ತಿಲ್ಲದೆ ಮಾಡಿದೆ ಎಂಬ ವಿವರಣೆ ಠಾಣೆಯಲ್ಲಿ ಹೆಚ್ಚು ದೂರ ಸಾಗುವುದಿಲ್ಲ.

ವಿದೇಶದಲ್ಲಿರುವ ಮಕ್ಕಳು ತಂದುಕೊಡುವ ವಾಕಿಟಾಕಿಯದ್ದು ಇನ್ನೊಂದು ಕಥೆ. ಅಮೆರಿಕದಲ್ಲಿ ಮನೆಮಂದಿ ಬಳಸುವ ಸೆಟ್ಟುಗಳು 462 ಮತ್ತು 467 ಮೆಗಾಹರ್ಟ್ಸ್ ಆಸುಪಾಸಿನವು. ಅಲ್ಲಿ ಅವಕ್ಕೆ ಲೈಸೆನ್ಸ್ ಬೇಡ, ಸೂಪರ್ ಮಾರ್ಕೆಟ್ಟಿನಲ್ಲಿ ಜೋಡಿಗಟ್ಟಿ ಮಾರುತ್ತಾರೆ. ಇಲ್ಲಿ ಆ ಅಲೆಗೆ ಆ ವಿನಾಯಿತಿ ಇಲ್ಲ. ಯುರೋಪಿನಿಂದ ತಂದದ್ದು 446ರದ್ದೇ ಆಗಿರಬಹುದು, ಆದರೂ ಆ ಮಾದರಿಗೆ ಇಲ್ಲಿನ ಇಟಿಎ ಇರಬೇಕು. ಮಗ ಪ್ರೀತಿಯಿಂದ ತಂದಿದ್ದಾನೆಂದು ಗಾಡಿಯ ಡ್ಯಾಶ್‌ಬೋರ್ಡಿಗೆ ಸಿಕ್ಕಿಸುವ ಮೊದಲು ಹಿಂಭಾಗದ ಅಂಕಿ ಓದಿ.

ಈ ವ್ಯಾಪಾರದ ಮೇಲೆ ಸರ್ಕಾರದ ಕಣ್ಣು ಬಿದ್ದಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ವಾಕಿಟಾಕಿಗಳನ್ನು ಅಲೆಯ ವಿವರ, ಲೈಸೆನ್ಸಿನ ವಿವರ, ಇಟಿಎ ಯಾವುದೂ ಹೇಳದೆ ಪಟ್ಟಿ ಮಾಡಿದ್ದಕ್ಕೆ ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೊ ಸೇರಿ 13 ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸು ಕೊಟ್ಟಿತು. ಅದೇ ತಿಂಗಳ ಕೊನೆಗೆ ರೇಡಿಯೊ ಉಪಕರಣಗಳ ಆನ್‌ಲೈನ್ ಮಾರಾಟಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಮಾರುವ ಪುಟದಲ್ಲಿಯೇ ಅಲೆಪಟ್ಟಿಯನ್ನೂ ಇಟಿಎ ವಿವರವನ್ನೂ ಲೈಸೆನ್ಸ್ ಬೇಕೋ ಬೇಡವೋ ಎಂಬುದನ್ನೂ ತೋರಿಸಬೇಕು. ಪುಟದಲ್ಲಿ ಇವು ಕಾಣದಿದ್ದರೆ ಕೊಳ್ಳದಿರುವುದೇ ಜಾಣತನ. ‘ಸಾವಿರಾರು ಜನ ಐದು ನಕ್ಷತ್ರ ಕೊಟ್ಟಿದ್ದಾರೆ’ ಎಂಬುದು ಸರ್ಟಿಫಿಕೇಟಲ್ಲ.

ಹಳೆಯ ಸಿಬಿ (ಸಿಟಿಜನ್ ಬ್ಯಾಂಡ್) ರೇಡಿಯೊ ಬಗ್ಗೆ ಒಂದೇ ಮಾತು. 26.957–27.283 ಮೆಗಾಹರ್ಟ್ಸಿನ ಪಟ್ಟಿಗೆ 2005ರಿಂದ ವಿನಾಯಿತಿ ಇದೆ, 5 ವ್ಯಾಟ್‌ವರೆಗೆ. ಆದರೆ ಷರತ್ತು ಏನೆಂದರೆ ಆಂಟೆನಾ ಸಾಧನದೊಳಗೇ ಕೂತಿರಬೇಕು. ಲಾರಿ ಕ್ಯಾಬಿನ್ ಮೇಲೆ ಉದ್ದನೆಯ ಕೋಲು ನಿಲ್ಲಿಸಿ ಅದಕ್ಕೆ ತಂತಿ ಎಳೆದರೆ ವಿನಾಯಿತಿ ಅಲ್ಲಿಗೇ ಮುಗಿಯಿತು.

ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಹಳೆಯ ಗಾಡಿಗಳಲ್ಲಿ ಇನ್ನೂ ಇದೆ. ಮೊಬೈಲಿನಿಂದ ಬ್ಲೂಟೂತಿನಲ್ಲಿ ಹಾಡು ತೆಗೆದುಕೊಂಡು ಎಫ್‌ಎಂ ಪಟ್ಟಿಯಲ್ಲಿ ಬಿಡುತ್ತದೆ, ಅಂದರೆ ಒಂದೇ ಗುಬುಟಿಯಲ್ಲಿ ಎರಡು ಪ್ರೇಷಕ. ಎಫ್‌ಎಂ ಪಟ್ಟಿ ಪ್ರಸಾರದವರದು. ಶಿರಾ ಸೀಮೆಯಲ್ಲಿ ಚಿತ್ರದುರ್ಗ ಆಕಾಶವಾಣಿ 102.6ರಲ್ಲಿ, ಬೆಂಗಳೂರಿನ ವಿವಿಧ ಭಾರತಿ 102.9ರಲ್ಲಿ. ಈ ಟ್ರಾನ್ಸ್‌ಮಿಟರಿಗೆ ದುಡ್ಡು ಹಾಕುವ ಬದಲು ಆಕ್ಸ್ ತಂತಿ ಹಾಕಿಕೊಳ್ಳಿ ಅಥವಾ ಹಳೆಯ ಸ್ಟೀರಿಯೊ ಬದಲಿಸಿ ಎಂಬುದು ನನ್ನ ಸಲಹೆ. ಹಾಡೂ ಚೆನ್ನಾಗಿ ಕೇಳುತ್ತದೆ.

ಹಳದಿ ಬೋರ್ಡಿನವರಿಗೆ ಮುಖ್ಯವಾದದ್ದು ಟ್ರ್ಯಾಕರ್. 2019ರ ಜನವರಿ 1ರಿಂದ ನೋಂದಣಿಯಾದ ಪ್ರಯಾಣಿಕ ವಾಹನಗಳಿಗೆ, ಆಟೊಗಳಂಥ ಕೆಲವನ್ನು ಬಿಟ್ಟು, ಸ್ಥಳ ತಿಳಿಸುವ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯ. ಹಳೆಯ ಗಾಡಿಗಳಿಗೂ ನ್ಯಾಷನಲ್ ಪರ್ಮಿಟ್ ಲಾರಿಗಳಿಗೂ ಕರ್ನಾಟಕದ ಸಾರಿಗೆ ಇಲಾಖೆ ಇದನ್ನು ವಿಸ್ತರಿಸಿದೆ. ಗಡುವು ಮುಂದಕ್ಕೆ ಹೋಗಿರುವುದರಿಂದ ಎಫ್‌ಸಿಗೆ ಹೋಗುವ ಮುಂಚೆ ಮಧುಗಿರಿಯ ಎಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೆಎ-64 ಗಾಡಿಗಳಿಗೆ ಅದೇ ಕಚೇರಿ. ಇಲ್ಲಿ ಎರಡು ಸರ್ಟಿಫಿಕೇಟುಗಳ ಮಾತಿದೆ. ರೇಡಿಯೊ ಭಾಗಕ್ಕೆ ದೂರಸಂಪರ್ಕ ಇಲಾಖೆಯ ಕಡೆಯ ಒಪ್ಪಿಗೆ ಒಂದು. ಇಡೀ ಸಾಧನ ಎಐಎಸ್-140 ಎಂಬ ವಾಹನ ಮಾನದಂಡಕ್ಕೆ ತಕ್ಕಂತಿದೆ ಎಂದು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳು ಕೊಡುವ ಪ್ರಮಾಣಪತ್ರ ಇನ್ನೊಂದು. ಸಾವಿರ ರೂಪಾಯಿಯ ಆನ್‌ಲೈನ್ ಟ್ರ್ಯಾಕರ್ ನಿಮ್ಮ ಮೊಬೈಲಿನಲ್ಲಿ ಗಾಡಿ ಎಲ್ಲಿದೆ ಎಂದು ಸರಿಯಾಗಿಯೇ ತೋರಿಸಬಹುದು, ಆದರೆ ಎಫ್‌ಸಿಗೆ ಅದು ಲೆಕ್ಕಕ್ಕಿಲ್ಲ. ರಾಜ್ಯ ಒಪ್ಪಿದ ಕಂಪನಿಗಳ ಪಟ್ಟಿಯಲ್ಲಿರುವ ಸಾಧನವನ್ನೇ ಹಾಕಿಸಿ. ಹಾಕಿದ ದಿನವೇ ಗಾಡಿಯ ನಂಬರು, ಸಾಧನದ ಐಎಂಇಐ ಸಂಖ್ಯೆ ಎರಡೂ ಇಲಾಖೆಯ ವ್ಯವಸ್ಥೆಯಲ್ಲಿ ಜೋಡಿಯಾಗಿವೆ ಎಂಬುದಕ್ಕೆ ಅಳವಡಿಕೆಯ ಪ್ರಮಾಣಪತ್ರ ತೆಗೆದುಕೊಳ್ಳಿ. ಬಿಲ್ಲು ಮಾತ್ರ ತೆಗೆದುಕೊಂಡು ಬಂದರೆ ಮತ್ತೆ ಓಡಾಡಬೇಕಾಗುತ್ತದೆ.

ಮಾಲೀಕ ಟ್ರ್ಯಾಕರ್ ಹಾಕಿಸಿದರೆ ಚಾಲಕ ಅದನ್ನು ಕುರುಡು ಮಾಡುವ ದಾರಿ ಹುಡುಕುತ್ತಾನೆ. ಬೆರಳುದ್ದದ ಜಿಪಿಎಸ್ ಜ್ಯಾಮರುಗಳು ಕಳ್ಳಮಾರ್ಗದಲ್ಲಿ ಸಿಗುತ್ತವೆ. ಇವಕ್ಕೆ ಇಟಿಎ ಇಲ್ಲ, ಸಿಗುವುದೂ ಇಲ್ಲ. ಸರ್ಕಾರ ಅನುಮತಿಸಿದ ಸಂಸ್ಥೆಗಳನ್ನು ಬಿಟ್ಟು ಬೇರೆಯವರು ಜ್ಯಾಮರ್ ಕೊಳ್ಳುವುದು, ಬಳಸುವುದು ಎರಡೂ ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರಲ್ಲಿ ಮತ್ತೆ ಸಾರಿ ಹೇಳಿದೆ. ಉಪಗ್ರಹದಿಂದ ಬರುವ ಜಿಪಿಎಸ್ ಸಂಕೇತ ನೆಲ ಮುಟ್ಟುವಷ್ಟರಲ್ಲಿ ತೀರಾ ಕ್ಷೀಣವಾಗಿರುವುದರಿಂದ, ತನ್ನ ಲಾರಿಯೊಂದನ್ನೇ ಮರೆಮಾಡುತ್ತೇನೆ ಎಂದುಕೊಂಡವನು ಸುತ್ತಲಿನವರನ್ನೆಲ್ಲ ಕುರುಡು ಮಾಡುತ್ತಾನೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಒಬ್ಬ ಚಾಲಕ ತನ್ನ ಕಂಪನಿಯ ಕಣ್ಣು ತಪ್ಪಿಸಲು ಇಟ್ಟುಕೊಂಡಿದ್ದ ಜ್ಯಾಮರು ಪಕ್ಕದ ನ್ಯೂಆರ್ಕ್ ವಿಮಾನ ನಿಲ್ದಾಣದ ವಿಮಾನ ಇಳಿಸುವ ವ್ಯವಸ್ಥೆಯನ್ನೇ ಕಾಡಿತು. 2013ರಲ್ಲಿ ಅವನಿಗೆ ವಿಧಿಸಲು ಹೊರಟ ದಂಡ 31,875 ಡಾಲರ್. ಕೆಲಸವೂ ಹೋಯಿತು.

ಹೊಸ ಕಾರುಗಳ ರಾಡಾರ್ ಬಗ್ಗೆ ನೀವು ಮಾಡಬೇಕಾದ್ದು ಏನೂ ಇಲ್ಲ, ಒಂದನ್ನು ಬಿಟ್ಟು. ಮುಂದಿನ ಬಂಪರ್ ಗುದ್ದಿಸಿಕೊಂಡಾಗ ಬೀದಿಬದಿಯ ಗ್ಯಾರೇಜಿನಲ್ಲಿ ಪುಟ್ಟಿ ಹಾಕಿಸಿ, ಅದರ ಮೇಲೆ ದಪ್ಪಗೆ ಬಣ್ಣ ಬಳಿಸಬೇಡಿ. 76–77 ಗಿಗಾಹರ್ಟ್ಸಿನ ಅಲೆಯ ಉದ್ದ ನಾಲ್ಕು ಮಿಲಿಮೀಟರ್ ಮಾತ್ರ. ಪುಟ್ಟಿಯ ಪದರ, ಲೋಹದ ಪುಡಿಯಿರುವ ಬಣ್ಣ ಅದನ್ನು ಕೆಡಿಸುತ್ತವೆ.

ಕೊನೆಗೆ ಮಾರುವವರಿಗೂ ತಯಾರಿಸುವವರಿಗೂ ಎರಡು ಮಾತು. ಶಿರಾ, ಮಧುಗಿರಿಯ ಆಟೊಮೊಬೈಲ್ ಬಿಡಿಭಾಗದ ಅಂಗಡಿಯವರು ಸಗಟು ವ್ಯಾಪಾರಿಯಿಂದ ಸರಕು ತೆಗೆದುಕೊಳ್ಳುವಾಗಲೇ ಪ್ರತಿ ಮಾದರಿಯ ಇಟಿಎ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡರೆ ಗಿರಾಕಿ ಕೇಳಿದಾಗ ತಡಕಾಡಬೇಕಿಲ್ಲ. ಎಲೆಕ್ಟ್ರಾನಿಕ್ಸ್ ಓದಿದ ನಮ್ಮ ಹುಡುಗರು ಟ್ರ್ಯಾಕ್ಟರಿನ ಸೆನ್ಸರನ್ನೋ ಗೇಟಿನ ರಿಮೋಟನ್ನೋ ತಾವೇ ತಯಾರಿಸಿ ಮಾರುವ ಉತ್ಸಾಹದಲ್ಲಿದ್ದರೆ ಹೆದರಬೇಕಿಲ್ಲ. ಮೊದಲೇ ಇಟಿಎ ಇರುವ ರೇಡಿಯೊ ಮಾಡ್ಯೂಲನ್ನು ಆರಿಸಿಕೊಂಡು, ಅದರ ಆಂಟೆನಾ ಬದಲಿಸದೆ ವಿನ್ಯಾಸ ಮಾಡುವುದು ಸುಲಭದ ದಾರಿ. ತಮ್ಮದೇ ಸರ್ಕ್ಯೂಟು ಬೇಕೆಂದರೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು, ಅಂಥವು ಬೆಂಗಳೂರಿನಲ್ಲೇ ಇವೆ. ವರದಿ ಕೈಗೆ ಬಂದ ಮೇಲೆ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆಯ ಅರ್ಜಿ. ಘೋಷಣೆ ಸ್ವಯಂ ಎಂದ ಮೇಲೆ ಹೊಣೆಯೂ ಸ್ವಯಂ. ವರದಿಯಲ್ಲಿ ಒಂದು, ಮಾರುಕಟ್ಟೆಗೆ ಬಿಟ್ಟದ್ದು ಇನ್ನೊಂದು ಆದರೆ ಸರ್ಟಿಫಿಕೇಟು ರದ್ದಾಗುತ್ತದೆ. ಅಲೆಪಟ್ಟಿಗಳ ವಿನಾಯಿತಿ ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ಅರ್ಜಿಯ ದಿನ ಜಾರಿಯಲ್ಲಿರುವುದನ್ನೇ ಓದಿಕೊಳ್ಳಿ.

ಈಗಾಗಲೇ ಕೊಂಡು ಮೋಸಹೋಗಿದ್ದರೆ ಮೊದಲು ಸಾಧನ ಬಳಸುವುದನ್ನು ನಿಲ್ಲಿಸಿ, ಆದರೆ ಎಸೆಯಬೇಡಿ. ಡಬ್ಬಿ, ಬಿಲ್ಲು, ಮಾರಾಟದ ಪುಟದ ಸ್ಕ್ರೀನ್‌ಶಾಟು ಇಟ್ಟುಕೊಳ್ಳಿ. ಮಾರಿದವರಿಗೆ ಬರವಣಿಗೆಯಲ್ಲಿ ಇಟಿಎ ಪ್ರತಿ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗವಿದೆ. ವಕೀಲರಿಲ್ಲದೆ ನೀವೇ ವಾದಿಸಬಹುದು, ನೀವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಲು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅವಕಾಶ ಮಾಡಿಕೊಟ್ಟಿದೆ.